ಕಿವಿಯೋಲೆಯ ಸನ್ನೆ

ಜನವರಿ ೬

ಅಪ್ಪಾ,

ಎರಡು ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ, ಅದೂ ಕೆಲಸ ಬಿದ್ದು. ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈದುಕೋ. ಫೋನಿನಲ್ಲಾದರೆ ನೀನು ಒಂದು ಮಾತಿಗೆ ಹತ್ತು ಡೈಲಾಗು ಹೊಡೆಯುತ್ತೀಯ, ನಾನು ಕೇಳಬೇಕಾದದ್ದೇ ಮರೆತುಹೋಗುತ್ತದೆ.

ಇಲ್ಲಿನ ರಂಗಮಂದಿರದವರು ನನಗೂ ನಾಲ್ವರು ನಟರಿಗೂ ಹನ್ನೆರಡು ವಾರಕ್ಕೆ ಒಂದು ಕೋಣೆ ಕೊಟ್ಟಿದ್ದಾರೆ. ಮುಚ್ಚಿಹೋದ ಲಾಂಡ್ರಿ ಅದು. ಸೂರಿನಲ್ಲಿ ಕೊಕ್ಕೆಗಳು ಇನ್ನೂ ಸಾಲಾಗಿ ನೇತಾಡುತ್ತಿವೆ. ಗೋಡೆಯ ಮೇಲೆ ‘ಬಿಳಿ’, ‘ಬಣ್ಣದ್ದು’ ಎಂದು ಬರೆದ ಹಲಗೆಗಳು. ಈ ಹನ್ನೆರಡು ವಾರ ನಾವು ನಾಟಕ ಕಟ್ಟುವಂತಿಲ್ಲ, ಹುಡುಕಬೇಕು. ಕೈಯಲ್ಲಿ ನಾಟಕದ ಪ್ರತಿ ಇಲ್ಲ, ಕಥೆ ಇಲ್ಲ, ಪಾತ್ರ ಹಂಚಿಕೆ ಇಲ್ಲ. ಒಂದು ಪ್ರಶ್ನೆ ಮಾತ್ರ ಇದೆ. ಮಾರ್ಚ್ ಕೊನೆಗೆ ಮೂವತ್ತು ಜನರನ್ನು ಕೂರಿಸಿ, ಟಿಕೆಟ್ಟಿಲ್ಲದೆ, ಸಿಕ್ಕಿದ್ದನ್ನು ಸಿಕ್ಕಿದಷ್ಟೇ ತೋರಿಸಬೇಕು. ಏನೂ ಸಿಗದಿದ್ದರೆ ಏನೂ ಸಿಗಲಿಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಸಿಕ್ಕಿತು ಎಂದು ಅವರಿಗೆ ಅನ್ನಿಸಿದರೆ ದೊಡ್ಡ ರಂಗಸ್ಥಳ ಕೊಡುತ್ತಾರೆ, ನಲವತ್ತು ಪ್ರದರ್ಶನಕ್ಕೆ. ಹತ್ತು ವರ್ಷದಿಂದ ಬೇರೆಯವರ ನಾಟಕಕ್ಕೆ ಕುರ್ಚಿ ಜೋಡಿಸಿದ್ದೇನೆ ಅಪ್ಪ. ಇದು ನನ್ನ ಮೊದಲ ಸರದಿ. ಅವರ ಚೀಟಿಯನ್ನೂ ಇದರೊಳಗೆ ಇಟ್ಟಿದ್ದೇನೆ, ನೋಡು.

ನನ್ನ ಪ್ರಶ್ನೆ ಇಷ್ಟೇ: ರಂಗದ ಮೇಲೆ ನಿಂತವರಿಗೆ ಮಾತು ಮರೆತಾಗ ಏನಾಗುತ್ತದೆ?

ಇದು ನಿನ್ನಷ್ಟು ಗೊತ್ತಿರುವವರು ಯಾರಿದ್ದಾರೆ? ಮೂವತ್ತು ವರ್ಷ ಪರದೆಯ ಮರೆಯಲ್ಲಿ ಮೊಣಕಾಲ ಮೇಲೆ ಪ್ರತಿ ಇಟ್ಟುಕೊಂಡು ಕೂತು, ಮರೆತವರಿಗೆ ಮಾತು ಹೇಳಿಕೊಟ್ಟ ಪ್ರಾಂಪ್ಟರ್ ನೀನು. ಯಾರು ಎಲ್ಲಿ ಮರೆತರೂ ಅಂಚಿನಲ್ಲಿ ಪೆನ್ಸಿಲಿನ ಗುರುತು ಹಾಕುತ್ತಿದ್ದೆ, ನನಗೆ ಚೆನ್ನಾಗಿ ನೆನಪಿದೆ. ಆ ಪ್ರತಿಗಳನ್ನು ಕಳಿಸಿಕೊಡುತ್ತೀಯಾ? ಎಂಟಿದ್ದವು.

ಅಮ್ಮ ಚೆನ್ನಾಗಿದ್ದಾಳೆ. ಅಂಗಡಿಗೆ ಹೊಸ ಹೊಲಿಗೆ ಯಂತ್ರ ತಂದಿದ್ದಾಳೆ. ನೀನು ಕೇಳುವುದಿಲ್ಲವೆಂದು ಗೊತ್ತು, ಆದರೂ ಹೇಳಿದೆ.

ಅಂಚೆಯವನ ದಾರಿ ನೋಡುವ
ನಿನ್ನ ಮಗಳು


ಜನವರಿ ೧೪

ನನ್ನ ಮೂರನೇ ಗಂಟೆಯೇ!

ಬಂತು! ಎರಡು ವರ್ಷದ ಮೌನವನ್ನು ನಡುವಿನಿಂದ ಸೀಳಿಕೊಂಡು ಬಂತು ನಿನ್ನ ಪತ್ರ! ಕೆಳಗಿನ ಗಡಿಯಾರ ರಿಪೇರಿಯವರು ಮೆಟ್ಟಿಲ ಬುಡದಲ್ಲಿ ನಿಂತು, “ರೀ ಪ್ರಾಂಪ್ಟರ್ರೇ, ನಿಮಗೂ ಒಂದು ಕಾಗದ ಬಂದಿದೆ ಕಣ್ರೀ, ಇನ್ನು ಲೋಕ ಮುಳುಗೋದೊಂದೇ ಬಾಕಿ” ಎಂದು ಕೂಗಿದರು. ನಾನು ಧಡಧಡ ಇಳಿದ ರಭಸಕ್ಕೆ ಅವರಂಗಡಿಯ ಮೂರು ಗಡಿಯಾರ ನಿಂತುಹೋದವಂತೆ. “ನೀವೇ ಕೀಲಿ ಕೊಡಿ ಬನ್ನಿ” ಎಂದು ಈಗಲೂ ಗೊಣಗುತ್ತಿದ್ದಾರೆ.

ಆ ಹೆಸರು ಕರೆದರೆ ಈಗಲೂ ನಿನಗೆ ಮೂಗಿನ ತುದಿಯಲ್ಲಿ ಕೋಪವೇ? ನಾನೇನು ಮಾಡಲಿ ಮಗಳೇ! ಆಟಕ್ಕೆ ಮೂರನೇ ಗಂಟೆ ಹೊಡೆದ ಕ್ಷಣಕ್ಕೆ ಸರಿಯಾಗಿ, ವೇಷದ ಪೆಟ್ಟಿಗೆಗಳ ನಡುವೆ ಹುಟ್ಟಿದವಳು ನೀನು. ಗಂಟೆ ನಿಂತಿತು, ನಿನ್ನ ಅಳು ನಿಲ್ಲಲಿಲ್ಲ. ಅದೂ ನಾಟಕದಲ್ಲಿದೆ ಎಂದುಕೊಂಡು ಪ್ರೇಕ್ಷಕರು ಚಪ್ಪಾಳೆ ತಟ್ಟಿದರು!

ಚೀಟಿ ಓದಿದೆ. ‘ಸಂಶೋಧನೆ ಮತ್ತು ಅಭಿವೃದ್ಧಿ’! ಏನಿದು? ಸೋಪು ತಯಾರಿಸುವವರ ಮಾತಲ್ಲವೇ ಇದು? ನಮ್ಮ ನಾಟಕ ಕಂಪನಿಯಲ್ಲಿ ಸೋಮವಾರ ಪ್ರತಿ ಕೈಗೆ ಬಂದರೆ ಶುಕ್ರವಾರ ಪರದೆ ಏಳುತ್ತಿತ್ತು. ನಾವು ಸಂಶೋಧನೆ ಮಾಡಿದ್ದು ಯಾರ ಚಪ್ಪಲಿಯನ್ನು ಯಾರು ಮೆಟ್ಟಿಕೊಂಡು ಹೋದರು ಎಂಬುದನ್ನು ಮಾತ್ರ. ಇರಲಿ, ಲಾಂಡ್ರಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಸೋಪಿನವರ ಮಾತು ಸರಿಯಾಗಿಯೇ ಒಪ್ಪುತ್ತದೆ.

ಜೀವಮಾನವಿಡೀ ಪಿಸುಗುಟ್ಟಿದವನು ನಾನು, ಕಾಗದದಲ್ಲಾದರೂ ಗುಡುಗಲು ಬಿಡು. ಗುರುತುಗಳ ಅರ್ಥ ಬರೆದುಕೋ. ಚುಕ್ಕೆಯೆಂದರೆ ನಟ ತಡವರಿಸಿದ, ತಾನೇ ಸರಿಪಡಿಸಿಕೊಂಡ. ಸೊನ್ನೆಯೆಂದರೆ ಒಂದು ಪದ ಹೇಳಿಕೊಟ್ಟೆ. ಗೆರೆಯೆಂದರೆ ಸನ್ನೆ ಮಾಡಿದ, ಇಡೀ ಸಾಲು ಹೇಳಿಕೊಟ್ಟೆ. ಎಷ್ಟು ಸಲ ಸನ್ನೆಯೋ ಅಷ್ಟು ಗೆರೆ. ಸನ್ನೆ ಯಾವುದು? ಗಂಡಸರಾದರೆ ಸೊಂಟದ ಪಟ್ಟಿ ಮುಟ್ಟುವುದು, ಹೆಂಗಸರಾದರೆ ಎಡಗಿವಿಯ ಓಲೆ. ಸನ್ನೆ ಕಂಡ ಕೂಡಲೇ ಮಾತು ಹೋಗಿ ಮುಟ್ಟಬೇಕು. ಸನ್ನೆ ಇಲ್ಲವೋ, ಪ್ರಾಂಪ್ಟರ್ ಬಾಯಿ ಬಿಡಕೂಡದು. ಆ ಮೌನ ನಟನದು, ನಮ್ಮದಲ್ಲ.

“ಈ ಮನುಷ್ಯ ಪಕ್ಕದಲ್ಲಿ ಕೂತರೆ ಕಲ್ಲೂ ಮಾತಾಡುತ್ತದೆ” ಎಂದು ಕಂಪನಿಯ ಯಜಮಾನರು ತುಂಬಿದ ಸಭೆಯಲ್ಲಿ ಹೇಳಿದ್ದರು. ಮೂವತ್ತು ವರ್ಷದಲ್ಲಿ ಒಂದು ಸನ್ನೆಯೂ ನನ್ನ ಕಣ್ಣು ತಪ್ಪಿಸಿಕೊಂಡು ಹೋಗಲಿಲ್ಲ!

ಏಳು ಪ್ರತಿ ಕಳಿಸಿದ್ದೇನೆ. ಎಂಟನೆಯದು ಗೆದ್ದಲಿಗೆ ಆಹಾರವಾಯಿತು.

ಪರದೆಯ ಮರೆಯಿಂದ,
ನಿನ್ನ ಅಪ್ಪ


ಫೆಬ್ರವರಿ ೨

ಅಪ್ಪಾ,

ಪ್ರತಿಗಳು ಬಂದವು. ನಟರು ಅವುಗಳನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಓಡಾಡುತ್ತಿದ್ದಾರೆ.

ನಾವು ಏನು ಮಾಡಿದೆವು ಗೊತ್ತೇ? ಲಾಂಡ್ರಿಯ ನೆಲದ ಮೇಲೆ ಸೀಮೆಸುಣ್ಣದಿಂದ ನಿಮ್ಮ ಕಂಪನಿಯ ರಂಗಸ್ಥಳ ಬರೆದೆವು. ಯಾರು ಯಾವ ಜಾಗದಲ್ಲಿ ನಿಂತು ಮರೆತರೋ ಅಲ್ಲಿ ನಿನ್ನ ಗುರುತು ಬರೆದೆವು. ನಾಲ್ಕು ದಿನ ಹಿಡಿಯಿತು, ಮೊಣಕಾಲು ಸವೆಯಿತು. ಕೊನೆಗೆ ಎದ್ದುನಿಂತು ನೋಡಿದರೆ ಉದ್ದುದ್ದ ಭಾಷಣಗಳ ಜಾಗದಲ್ಲಿ ಗುರುತೇ ಇಲ್ಲ! ಜನ ಮರೆತಿರುವುದೆಲ್ಲ ಸಣ್ಣ ಮಾತು. ‘ಬಾ, ಕೂತುಕೋ.’ ‘ಯಾವಾಗ ಬಂದೆ?’ ‘ಇವನು ನನ್ನ ತಮ್ಮ.’ ನಮ್ಮಲ್ಲಿ ಒಬ್ಬಾಕೆ ಆಸ್ಪತ್ರೆಯಲ್ಲಿ ನರ್ಸ್, ರಜೆ ಹಾಕಿ ಬರುತ್ತಾಳೆ. “ಅದರಲ್ಲೇನ್ ಆಶ್ಚರ್ಯ? ಆಪರೇಷನ್ ಆದೋರು ರೋಗದ ಹೆಸರು ಪಟಪಟ ಹೇಳ್ತಾರೆ, ಚಪ್ಪಲಿ ಎಲ್ಲಿ ಬಿಟ್ವಿ ಅನ್ನೋದ್ ಮರೀತಾರೆ” ಎಂದಳು. ಉದ್ದಣ್ಣ ಎಂದು ನಾವು ಕರೆಯುವ ಏಣಿಯಂಥ ನಟ, “ಹಾಗಾದ್ರೆ ನಾನು ಹೆಂಡ್ತಿ ಹುಟ್ಟಿದ ದಿನ ಮರೆತದ್ದು ದೊಡ್ಡ ತಪ್ಪಲ್ಲ ಅನ್ನಿ” ಎಂದ. “ಅದು ರೋಗ ಕಣೋ” ಎಂದಳು ನರ್ಸ್.

ಈಗ ಪ್ರತಿದಿನ ಬೆಳಿಗ್ಗೆ ಒಬ್ಬೊಬ್ಬರಿಗೂ ಒಂದೊಂದು ಪುಟ ಕೊಡುತ್ತೇನೆ. ಓದಲು ಹತ್ತು ನಿಮಿಷ. ಆಮೇಲೆ ನಡುವೆ ನಿಂತು ಹೇಳಬೇಕು, ಮರೆತರೆ ಕಿವಿ ಮುಟ್ಟಬೇಕು. ಎಲ್ಲರೂ ನೋಡುತ್ತಿರುವುದು ಆ ಕೈಯನ್ನು. ಮನಸ್ಸಿಗೆ ಮರೆತಿದೆ ಎಂದು ತಿಳಿಯುವ ಮೊದಲೇ ಕೈಗೆ ತಿಳಿದಿರುತ್ತದೆ ಅಪ್ಪ. ಬೆರಳು ತೊಡೆಯ ಪಕ್ಕದಲ್ಲಿ ಮಿಸುಕುತ್ತದೆ, ಆಮೇಲೆ ಕಣ್ಣಿಗೆ ಹೆದರಿಕೆ ಬರುತ್ತದೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ನಾವೇ ಕಂಡುಕೊಂಡದ್ದು.

ಇನ್ನೊಂದು ವಿಷಯ. ಏಳು ಪ್ರತಿಯಲ್ಲಿ ಅಮ್ಮ ಕೊನೆಯದಾಗಿ ಮಾಡಿದ ನಾಟಕವಿಲ್ಲ. ಎಂಟನೆಯದು ಅದೇ ಅಲ್ಲವೇ? ಗೆದ್ದಲು ಬಹಳ ಆರಿಸಿ ತಿಂದಿದೆ.

ಅಮ್ಮನನ್ನು ಒಂದು ದಿನ ಕೋಣೆಗೆ ಬಾ ಎಂದು ಕರೆದಿದ್ದೇನೆ. ನೋಡೋಣ.

ಸುಣ್ಣ ಮೆತ್ತಿದ ಕೈಯಿಂದ,
ಮಗಳು


ಫೆಬ್ರವರಿ ೯

ಮಗಳೇ,

ಅವಳನ್ನು ಬಿಟ್ಟುಬಿಡು.

ನಿನಗೆ ಬೇಕಾದ ಕಥೆ ನಾನೇ ಹೇಳುತ್ತೇನೆ, ಕೇಳು. ಆ ನಾಟಕದಲ್ಲಿ ಸೈನಿಕರು ಒಬ್ಬ ಯುವಕನನ್ನು ಹಿಡಿದು ಅವನ ತಾಯಿಯ ಮುಂದೆ ತಂದು ನಿಲ್ಲಿಸುತ್ತಾರೆ. “ಇವನು ನಿನ್ನ ಮಗನೇ?” ಹೌದೆಂದರೆ ಅವನ ತಲೆ ಹೋಗುತ್ತದೆ. “ಇವನು ಯಾರೋ ನನಗೆ ಗೊತ್ತಿಲ್ಲ” ಎಂದು ತಾಯಿ ಹೇಳಬೇಕು. ನಾಲ್ಕು ಪದದ ಮಾತು. ನಿನ್ನ ಅಮ್ಮ ಆ ದಿನ ಅದನ್ನು ಹೇಳಲಿಲ್ಲ. ಮಗನ ಮುಖ ನೋಡುತ್ತ ನಿಂತುಬಿಟ್ಟಳು. ಇಡೀ ಸಭೆ ಉಸಿರು ಹಿಡಿಯಿತು! ಪರದೆ ಬಿದ್ದಾಗ ಜನ ಎದ್ದುನಿಂತರು, ಕುರ್ಚಿ ಬಡಿದರು! ಅಂಥ ಮೌನವನ್ನು ಆ ರಂಗಸ್ಥಳ ಅದುವರೆಗೆ ಕಂಡಿರಲಿಲ್ಲ. ಪತ್ರಿಕೆಯಲ್ಲಿ ಬಂತು.

ಅವಳಿಗೆ ಮರೆತಿತ್ತು ಎಂದು ಆಮೇಲೆ ಹೇಳಿದಳು. ಆದರೆ ಸನ್ನೆ ಮಾಡಿರಲಿಲ್ಲ. ಆದ್ದರಿಂದ ನಾನು ಹೇಳಿಕೊಡಲಿಲ್ಲ. ನಿಯಮ ನಿಯಮವೇ. ಹನ್ನೊಂದು ಆಟವಾದ ಮೇಲೆ ಬಣ್ಣ ಹಚ್ಚುವುದನ್ನೇ ಬಿಟ್ಟಳು, ನಿನ್ನನ್ನು ಕರೆದುಕೊಂಡು ನಿನ್ನ ದೊಡ್ಡಮ್ಮನ ಮನೆ ಸೇರಿದಳು. ನಿನಗಾಗ ಆರು ವರ್ಷ. ಕಂಪನಿ ಮುಂದಿನ ಊರಿಗೆ ಹೋಯಿತು, ಕಂಪನಿಯ ಜೊತೆ ನಾನೂ ಹೋದೆ. ಇಪ್ಪತ್ತಾರು ವರ್ಷದ ಹಳೆಯ ಮಾತು. ಇಷ್ಟೇ.

ಬೇರೆ ಯಾರನ್ನಾದರೂ ಹುಡುಕು.

ಅಪ್ಪ


ಫೆಬ್ರವರಿ ೨೭

ಅಪ್ಪಾ,

ಅಮ್ಮ ಬಂದಿದ್ದಳು!

ಬುಧವಾರ ಉದ್ದಣ್ಣನೂ ನಾನೂ ಅಂಗಡಿಗೇ ಹೋಗಿ ಕರೆತಂದೆವು. ಅಳತೆ ಟೇಪು ಕೊರಳಲ್ಲೇ ಇತ್ತು, ತೆಗೆಯುವುದು ಮರೆತಿದ್ದಳು. ಅವಳ ಬೀಗದ ಕಥೆ ನಿನಗೆ ಗೊತ್ತಿರಲಿಕ್ಕಿಲ್ಲ. ಬೀಗ ಹಾಕಿ ಮೂರು ಸಲ ಎಳೆಯುತ್ತಾಳೆ. ಹತ್ತು ಹೆಜ್ಜೆ ಹೋಗಿ ಹಿಂದಿರುಗಿ ಬಂದು ಮತ್ತೆ ಎಳೆಯುತ್ತಾಳೆ. ರಸ್ತೆ ದಾಟಿದ ಮೇಲೂ ಒಮ್ಮೆ ತಿರುಗಿ ನೋಡುತ್ತಾಳೆ. ನಾನು ಚಿಕ್ಕವಳಿದ್ದಾಗಿನಿಂದ ಹೀಗೇ. ಉದ್ದಣ್ಣ, “ಬಿಡಿ ಅಮ್ಮಾ, ಬೀಗಕ್ಕೆ ಕೈ ನೋವಾಗುತ್ತೆ” ಎಂದು ರೇಗಿಸಿದ. “ಬೀಗದ ಮೇಲೆ ನಂಬಿಕೆ ಇದೆಯಪ್ಪಾ, ನನ್ನ ಕೈ ಮೇಲೆ ಇಲ್ಲ” ಎಂದಳು.

ಮೊದಲು ಸುಮ್ಮನೆ ಕೂತು ನೋಡಿದಳು. ಮಧ್ಯಾಹ್ನ ತಾನಾಗಿಯೇ ಎದ್ದು ಸುಣ್ಣದ ಗೆರೆಯೊಳಗೆ ಬಂದು ನಿಂತಳು. “ಆ ದಿನ ಹೇಗೆ ನಿಂತಿದ್ದೆನೋ ಹಾಗೇ ತೋರಿಸ್ತೀನಿ, ನಗಬೇಡಿ” ಎಂದಳು. ಉದ್ದಣ್ಣ ಮಗನಾದ. ಅವನ ಮುಖ ನೋಡಿದಳು. ಕೊಕ್ಕೆಗಳು ಗಾಳಿಗೆ ಒಂದಕ್ಕೊಂದು ತಾಗುವ ಸದ್ದು ಮಾತ್ರ. ಆಗ ಅವಳ ಎಡಗೈ ಎದ್ದಿತು ಅಪ್ಪ, ನೇರವಾಗಿ ಓಲೆಗೆ.

“ಅಮ್ಮ, ಕೈ ಎತ್ತಿದೆ.”

“ಎತ್ತಿದೆನಾ? ಅದು ತಪ್ಪು. ಅವತ್ತು ಎತ್ತಿರಲಿಲ್ಲ. ಇರು, ಇನ್ನೊಂದ್ ಸಲ ಮಾಡ್ತೀನಿ.”

ಮತ್ತೆ ಮಾಡಿದಳು, ಮತ್ತೆ ಕೈ ಎದ್ದಿತು. ಮೂರನೆಯ ಸಲ ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಹಿಡಿದು ಕೆಳಕ್ಕೆ ಜಗ್ಗಿದಳು. ಒಂದು ಕೈ ಮೇಲೆ ಹೋಗಬೇಕು ಎನ್ನುತ್ತಿದೆ, ಇನ್ನೊಂದು ಬಿಡುತ್ತಿಲ್ಲ. ಮುಖ ಮಾತ್ರ ಉದ್ದಣ್ಣನ ಕಡೆಗೇ. ನರ್ಸ್ ಬಿಕ್ಕಿ ಬಿಕ್ಕಿ ಅತ್ತಳು.

ಮುಗಿದ ಮೇಲೆ ನೀರು ಕುಡಿದು ಹೇಳಿದಳು: “ನನಗೂ ಎತ್ತಿದೆ ಅಂತಲೇ ಅನ್ನಿಸಿತ್ತು ಕಣೇ. ನಿಮ್ಮಪ್ಪ ಇಲ್ಲ ಅಂದ್ರು. ಅವರ ಕಣ್ಣು ತಪ್ಪಲ್ಲ. ನನ್ನ ತಲೇನೇ ಸರಿ ಇರಲಿಲ್ಲ.”

ಇದೇ ಅಪ್ಪ, ಇದೇ! ಎಂಟು ವಾರ ಹುಡುಕಿದ್ದು ಈ ಎರಡು ಕೈಗಳನ್ನು. ಇದರ ಸುತ್ತಲೇ ಇಡೀ ನಾಟಕ ನಿಲ್ಲುತ್ತದೆ. ಅಮ್ಮ ಒಪ್ಪಿದ್ದಾಳೆ, ತೋರಿಸುವ ದಿನಕ್ಕೂ, ರಂಗಸ್ಥಳ ಸಿಕ್ಕರೆ ನಲವತ್ತು ಪ್ರದರ್ಶನಕ್ಕೂ. “ನಿನಗೆ ಒಳ್ಳೆಯದಾಗೋದಾದ್ರೆ ನಿಲ್ತೀನಿ” ಎಂದಳು.

ನೀನು ಒಂದೇ ಸಾಲು ಬರೆದು ಕಳಿಸು. ಅವಳು ಅವತ್ತು ಸನ್ನೆ ಮಾಡಿದಳೋ ಇಲ್ಲವೋ. ಸುಮ್ಮನೆ, ನಮ್ಮ ಟಿಪ್ಪಣಿಗೆ.

ಸಂತೋಷದಲ್ಲಿ,
ನಿನ್ನ ಮೂರನೇ ಗಂಟೆ


ಮಾರ್ಚ್ ೩

ಮಗಳೇ,

ಪತ್ರ ತಲುಪಿತು. ಇಲ್ಲಿ ಬಿಸಿಲು ಜೋರಾಗಿದೆ. ಗಡಿಯಾರದವರು ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ, ಒಂದು ವಾರ ಅಂಗಡಿ ಮುಚ್ಚಿದೆ. ಅಷ್ಟು ಗಡಿಯಾರಗಳ ಸದ್ದು ಇಲ್ಲದೆ ಮನೆ ಬಿಕೋ ಎನ್ನುತ್ತದೆ.

ನೀನು ಕೇಳಿದ್ದಕ್ಕೆ ವಿವರವಾಗಿ ಬರೆಯುತ್ತೇನೆ. ಈಗ ಕೈ ನೋವು.

ಅಪ್ಪ


ಮಾರ್ಚ್ ೧೦

ಅಪ್ಪಾ,

ಒಂದು ಸಾಲಿಗೆ ಕೈ ನೋವೇ?

ಇರಲಿ. ಕೆಲಸ ಅದ್ಭುತವಾಗಿ ನಡೆದಿದೆ. ಅಮ್ಮ ದಿನಕ್ಕೆ ಎರಡು ಸಲ ಮಾಡುತ್ತಾಳೆ. ರಂಗಮಂದಿರದವರು ಒಮ್ಮೆ ಬಾಗಿಲ ಬಳಿ ನಿಂತು ನೋಡಿ, ನನ್ನ ಭುಜ ತಟ್ಟಿ ಹೋದರು.

ಅಮ್ಮ ಮಾತ್ರ ಸ್ವಲ್ಪ ಬಳಲಿದ್ದಾಳೆ. ಮೊನ್ನೆ ಯಾರದೋ ಅಂಗಿಗೆ ತೋಳನ್ನು ಹಿಂದುಮುಂದಾಗಿ ಹೊಲಿದಳಂತೆ. ಬೀಗವನ್ನು ಈಗ ಆರು ಸಲ ಎಳೆಯುತ್ತಾಳೆ. ನಿನ್ನೆ ಕೋಣೆಯಿಂದ ಅಂಗಡಿಗೆ ವಾಪಸು ಹೋಗಿ ನೋಡಿಬಂದಳು. ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, “ಎಷ್ಟು ದಿನ ಅಂತ ಗಾಯದ ಪಟ್ಟಿ ಬಿಚ್ಚಿ ಬಿಚ್ಚಿ ಜನಕ್ಕೆ ತೋರಿಸ್ತೀಯಾ?” ಎಂದಳು. ನನಗೆ ಸಿಟ್ಟು ಬಂತು. ಅಮ್ಮನೇ ಒಪ್ಪಿರುವಾಗ ಇವಳಿಗೇನು?

ತೋರಿಸುವುದು ಇಪ್ಪತ್ತೆಂಟಕ್ಕೆ. ನೀನೂ ಬಾ.

ಮಗಳು


ಮಾರ್ಚ್ ೧೩

ಮಗಳೇ,

ಈ ಪತ್ರದ ಜೊತೆ ಎಂಟನೆಯ ಪ್ರತಿ ಇದೆ. ಗೆದ್ದಲು ಮುಟ್ಟಿಲ್ಲ. ಹೊದಿಕೆ ಹಾಕಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ನೂರ ಹನ್ನೆರಡನೆಯ ಪುಟ ತೆಗೆ. ಆಮೇಲೆ ಇದನ್ನು ಓದು.

ಮಧ್ಯಾಹ್ನದ ಆಟ. ತಗಡಿನ ಸೂರಿನ ಕೆಳಗೆ ಎಂಟುನೂರು ಜನ, ಎಲ್ಲರ ಕೈಯಲ್ಲೂ ಬೀಸಣಿಗೆ. ಸೈನಿಕ ಕೇಳಿದ, “ಇವನು ನಿನ್ನ ಮಗನೇ?” ನಿನ್ನ ಅಮ್ಮ ಬಾಯಿ ತೆರೆದಳು. ಮಾತು ಬರಲಿಲ್ಲ. ಎಡಗೈ ಎದ್ದು ಓಲೆ ಮುಟ್ಟಿತು.

ನಾನು ನೋಡಿದೆ.

ನನ್ನ ತುಟಿ ‘ಇ’ ಎಂಬ ಅಕ್ಷರಕ್ಕೆ ಆಕಾರ ತಾಳಿತ್ತು. ಅಷ್ಟರಲ್ಲಿ ಅವಳ ಮುಖ ನೋಡಿದೆ. ಮಗಳೇ, ಸಾವಿರಾರು ಆಟಕ್ಕೆ ಕೂತವನು ನಾನು. ಬಣ್ಣ, ಬೆಳಕು, ಎದೆ ಬಡಿದುಕೊಳ್ಳುವುದು, ಗಂಟಲು ಹರಿಯುವುದು ಎಲ್ಲ ಕಂಡವನು. ಅಂಥ ಮುಖ ಕಂಡಿರಲಿಲ್ಲ. ಬೀಸಣಿಗೆಗಳು ಒಂದೊಂದಾಗಿ ನಿಂತವು. ಇನ್ನೊಂದು ಉಸಿರು ಇರಲಿ, ಎಂದುಕೊಂಡೆ. ಆಮೇಲೆ ಮತ್ತೊಂದು. ಅವಳು ಎರಡನೆಯ ಸಲ ಮುಟ್ಟಿದಳು. ಮೂರನೆಯ ಸಲ ಓಲೆಯನ್ನು ಹಿಡಿದು ಎಳೆದಳು, ನನ್ನ ಕಡೆಗೆ ಕಣ್ಣು ತಿರುಗಿಸಿದಳು. ನಾನು ಪ್ರತಿಯ ಮೇಲೆ ಕಣ್ಣು ತಗ್ಗಿಸಿದೆ. ಪರದೆ ಎಳೆಯುವವನಿಗೆ ಕರುಣೆ ಬಂದು ಪರದೆ ಬಿಟ್ಟ.

ಒಳಗೆ ಬಂದಳು. ಸುತ್ತ ಯಜಮಾನರು, ಎಲ್ಲ ನಟರು, ಹೊರಗೆ ಚಪ್ಪಾಳೆಯ ಸಿಡಿಲು. “ಯಾಕ್ರೀ ಹೇಳ್ಕೊಡ್ಲಿಲ್ಲ?” ಎಂದಳು. ನಾನು ಪಿಸುಗುಡುವವನು, ಆ ದಿನ ಎಲ್ಲರಿಗೂ ಕೇಳುವಂತೆ ಗುಡುಗಿದೆ: “ನೀನು ಸನ್ನೆ ಮಾಡ್ಲೇ ಇಲ್ವಲ್ಲ!” ಅವಳು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಮಾಡ್ಲಿಲ್ವಾ?” ಎಂದಳು. ಅಷ್ಟೇ. ಬಾಗಿಲ ಸಂದಿಯಲ್ಲಿ ನೀನು ನಿಂತಿದ್ದೆ.

ಯಜಮಾನರು ಅವಳ ತಲೆ ಸವರಿ, “ನಾಳೆಯಿಂದ ಹೀಗೇ ಮಾಡಮ್ಮ” ಎಂದರು. ಹನ್ನೊಂದು ಆಟ ಹೀಗೇ ಮಾಡಿದಳು. ದಿನವೂ ಆ ಜಾಗದಲ್ಲಿ, ನಿಜವಾಗಿ ಹೆದರಿದ್ದನ್ನು ಹೆದರಿದಂತೆ ನಟಿಸುತ್ತ. ಕೈ ಮಾತ್ರ ಎತ್ತಲಿಲ್ಲ. ಅದನ್ನು ಎತ್ತಿರಲಿಲ್ಲ ಎಂದು ನಾನು ಹೇಳಿದ್ದೆನಲ್ಲ.

ಪುಟದ ಅಂಚು ನೋಡು. ‘ಇಲ್ಲಿ ಮೌನ. ಹೇಳಿಕೊಡಬಾರದು’ ಎಂದು ಯಜಮಾನರ ಅಪ್ಪಣೆಯಂತೆ ಬರೆದಿದ್ದೇನೆ. ಅದರ ಪಕ್ಕದಲ್ಲಿ ಮೂರು ಗೆರೆಗಳಿವೆ. ಅವು ಆ ದಿನದವು. ಸುಳ್ಳನ್ನು ಬಾಯಲ್ಲಿ ಹೇಳಿಬಿಟ್ಟೆ. ಪೆನ್ಸಿಲಿನಲ್ಲಿ ಹೇಳಲು ಕೈ ಬರಲಿಲ್ಲ.

ನಿನ್ನ ಹುಡುಕಾಟವನ್ನು ಸೋಪಿಗೆ ಹೋಲಿಸಿ ನಕ್ಕಿದ್ದೆ. ನಾವು ಇಡೀ ಕಂಪನಿ ಕೂಡಿ ಮಾಡದ ಕೆಲಸವನ್ನು ನೀನು ಎಂಟು ವಾರದಲ್ಲಿ ಮಾಡಿದೆ. ಅವಳ ಕೈ ಸುಳ್ಳು ಹೇಳುತ್ತಿಲ್ಲ ಎಂದು ಕಂಡುಹಿಡಿದೆ. ಆದರೆ ಕಂಡದ್ದು ಏನೆಂದು ಕೇಳುವ ಮೊದಲೇ ಅದಕ್ಕೆ ಮೊಳೆ ಹೊಡೆಯಲು ಹೊರಟಿದ್ದೀಯ. ನೀನು ಈಗ ಅವಳಿಗೆ ಹೇಳುತ್ತಿರುವುದು ಯಜಮಾನರು ಹೇಳಿದ ಅದೇ ಮಾತು. ನಾಳೆಯಿಂದ ಹೀಗೇ. ನಲವತ್ತು ಸಲ.

ಪ್ರತಿಯನ್ನು ಅವಳಿಗೆ ತೋರಿಸು. ತೋರಿಸಿದ ಮೇಲೆ ನಿನಗೆ ನಾಟಕ ಉಳಿಯಲಿಕ್ಕಿಲ್ಲ, ನನಗೆ ಮಗಳು ಉಳಿಯಲಿಕ್ಕಿಲ್ಲ. ಕ್ಷಮಿಸು ಎಂಬ ಪದವನ್ನು ಬೇಕೆಂದೇ ಬರೆದಿಲ್ಲ. ಅದನ್ನೂ ಹೇಳಿ ಕೈ ತೊಳೆದುಕೊಂಡೆ ಎನ್ನಿಸಬಾರದು.

ನಾನು ಬರುವುದಿಲ್ಲ.

ಅಪ್ಪ


ಏಪ್ರಿಲ್ ೪

ಅಪ್ಪ,

ಮೂರು ವಾರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಕಾಗದ ಹರಿದುಹಾಕಿದೆ.

ಬಾಗಿಲ ಸಂದಿ ನನಗೆ ನೆನಪಿದೆ. ನೀನು ಗುಡುಗಿದ್ದು ನೆನಪಿದೆ. ನನ್ನ ಅಪ್ಪನಿಗೂ ದೊಡ್ಡ ದನಿ ಇದೆ ಎಂದು ಆ ದಿನ ಹೆಮ್ಮೆಪಟ್ಟಿದ್ದೆ. ಅದನ್ನು ಏನು ಮಾಡಲಿ ಹೇಳು.

ಪ್ರತಿಯನ್ನು ಅಂಗಡಿಗೆ ತೆಗೆದುಕೊಂಡು ಹೋದೆ. ಅಮ್ಮ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಕನ್ನಡಕ ಹಾಕಿಕೊಂಡು ಪುಟ ಓದಿದಳು. ನಿನ್ನ ಪತ್ರವನ್ನೂ ಓದಿದಳು. ಮತ್ತೆ ಪುಟಕ್ಕೆ ಬಂದು ಸೂಜಿಯ ತುದಿಯಿಂದ ಗೆರೆಗಳನ್ನು ಒಂದೊಂದಾಗಿ ಮುಟ್ಟಿದಳು. ಅಳಲಿಲ್ಲ. “ಪೆನ್ಸಿಲ್ ಯಾವಾಗಲೂ ಚೂಪಾಗಿ ಇಟ್ಕೊಂಡಿರ್ತಿದ್ರು” 
ಎಂದಳು. ಮತ್ತೆ ಪ್ಯಾಂಟು ಕೈಗೆತ್ತಿಕೊಂಡಳು. ಅದನ್ನು ಮುಗಿಸುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಕಡೆ ನೋಡದೆ ಕೇಳಿದಳು: “ನೀನು ದಿನಾ ನನ್ನ ಕೈ ಏಳೋದನ್ನ ನೋಡ್ತಾ ಇದ್ದೆಯಲ್ಲ. ಒಂದ್ ಸಲಾನೂ ನಿನಗೆ ಅನುಮಾನ ಬರಲಿಲ್ವಾ?”

ಬಂದಿತ್ತು ಅಪ್ಪ. ಅದಕ್ಕೇ ನಿನ್ನನ್ನು ಒಂದು ಸಾಲು ಕೇಳಿದ್ದು. ಆದರೆ ನಿನ್ನ ಉತ್ತರ ಬರುವವರೆಗೆ ನಿಲ್ಲಿಸಲಿಲ್ಲ. ಅಷ್ಟು ಚೆನ್ನಾಗಿತ್ತು. ಇನ್ನೊಂದು ಉಸಿರು ಇರಲಿ ಎಂದು ನೀನು ಬರೆದಿದ್ದೀಯಲ್ಲ, ಅದು ನನಗೆ ಅರ್ಥವಾಗುತ್ತದೆ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅದರಲ್ಲಿ ಅರ್ಧ ಇದಕ್ಕೆ.

ಮರುದಿನ ಬೆಳಿಗ್ಗೆ ಅವಳಾಗಿಯೇ ಲಾಂಡ್ರಿಗೆ ಬಂದಳು. “ನಾನು ಇನ್ನು ನಿಲ್ಲಲ್ಲ. ಕೂರ್ತೀನಿ” ಎಂದು ಒಂದು ಸ್ಟೂಲು ಎಳೆದು ಸುಣ್ಣದ ಗೆರೆಯ ಪಕ್ಕದಲ್ಲಿ ಹಾಕಿಕೊಂಡಳು. ನಟರ ಪುಟಗಳನ್ನೆಲ್ಲ ಮೊಣಕಾಲ ಮೇಲೆ ಇಟ್ಟುಕೊಂಡಳು. ಪರದೆಯ ಮರೆಯಿಲ್ಲ, ಎಲ್ಲರಿಗೂ ಕಾಣುವಂತೆ. ಉದ್ದಣ್ಣ ಹೇಳತೊಡಗಿದ, ಮೂರನೆಯ ಸಾಲಿಗೆ ಬೆರಳು ಮಿಸುಕಿತು. ಕೈ ಇನ್ನೂ ಸೊಂಟ ದಾಟಿರಲಿಲ್ಲ, ಅಮ್ಮ ಸಾಲು ಹೇಳಿಬಿಟ್ಟಳು! “ಅಮ್ಮಾ, ಸ್ವಲ್ಪ ಮರೆಯೋಕಾದ್ರೂ ಬಿಡಿ” ಎಂದ. “ಬಿಡಲ್ಲ” ಎಂದಳು.

ಇಪ್ಪತ್ತೆಂಟಕ್ಕೆ ನಾವು ತೋರಿಸಿದ್ದು ಅಷ್ಟೇ. ಆ ಬೆಳಿಗ್ಗೆ ಕೊಟ್ಟ ಹೊಸ ಪುಟಗಳು, ಮರೆಯುವ ನಾಲ್ವರು, ಸ್ಟೂಲಿನ ಮೇಲೆ ಅಮ್ಮ. ಅವಳು ಪಿಸುಗುಡಲಿಲ್ಲ, ಪೂರ್ತಿ ದನಿಯಲ್ಲಿ ಹೇಳಿಕೊಟ್ಟಳು. ಜನ ಮೊದಲು ನಕ್ಕರು. ಆಮೇಲೆ ನಟರನ್ನು ಬಿಟ್ಟು ಅವಳನ್ನೇ ನೋಡತೊಡಗಿದರು. ಕೊನೆಗೆ ನಗು ನಿಂತಿತು.

ರಂಗಮಂದಿರದವರು ಕೇಳಿದರು: “ಆ ಎರಡು ಕೈಗಳ ದೃಶ್ಯ ಎಲ್ಲಿ?” ಸಿಕ್ಕಿತ್ತು, ಆದರೆ ಅದು ನಮ್ಮದಲ್ಲ, ಅದರ ಒಡತಿಗೆ ವಾಪಸು ಕೊಟ್ಟೆವು ಎಂದೆ. ತಲೆಯಾಡಿಸಿದರು. ದೊಡ್ಡ ರಂಗಸ್ಥಳ ಈ ಸಲ ಬೇರೆಯವರಿಗೆ ಹೋಯಿತು. ನೆಲ ಒರೆಸಿ ಬೀಗದ ಕೈ ಕೊಟ್ಟು ಬಂದೆ. ಎಷ್ಟು ಒರೆಸಿದರೂ ಸುಣ್ಣದ ಗುರುತು ಪೂರ್ತಿ ಹೋಗಲಿಲ್ಲ. ಭಾನುವಾರ ನಾಲ್ವರೂ ಮನೆಗೆ ಬರುತ್ತೇವೆ ಎಂದಿದ್ದಾರೆ.

ಫೋನು ಮಾಡಬೇಡ. ನಿನ್ನ ದನಿ ಕೇಳುವ ಶಕ್ತಿ ಈಗಿಲ್ಲ. ಬರೆ. ಓದುತ್ತೇನೆ.

ಮಗಳು


ಏಪ್ರಿಲ್ ೯

ಪ್ರಾಂಪ್ಟರ್ ಅವರಿಗೆ,

ನಿಮ್ಮ ಪ್ರತಿ ಹಿಂದಕ್ಕೆ ಕಳಿಸುತ್ತಿದ್ದೇನೆ. ಆ ಪುಟ ಹರಿಯಬೇಕೆಂದಿದ್ದೆ, ಹರಿಯಲಿಲ್ಲ. ‘ಹೇಳಿಕೊಡಬಾರದು’ ಎಂಬುದನ್ನು ರಬ್ಬರಿನಿಂದ ಅಳಿಸಿದ್ದೇನೆ. ಮೂರು ಗೆರೆಗಳನ್ನು ಹಾಗೇ ಬಿಟ್ಟಿದ್ದೇನೆ. ಅವು ನನ್ನವು.

ನಿಮ್ಮ ಮೇಲಿನ ಸಿಟ್ಟಿಗೆ ನಾನು ಕಂಪನಿ ಬಿಟ್ಟೆ ಎಂದು ನೀವು ತಿಳಿದಿರಬಹುದು. ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ಕೈ ಎತ್ತಿದ್ದೇನೆ ಎಂದುಕೊಂಡು ಎತ್ತದೆ ನಿಲ್ಲುವವಳು ಮಗುವನ್ನು ಹೇಗೆ ಸಾಕುತ್ತಾಳೆ? ಔಷಧಿ ಕುಡಿಸಿದೆನೋ ಇಲ್ಲವೋ ಎಂದು ದಿನವೂ ಅಕ್ಕನನ್ನು ಕೇಳುತ್ತಿದ್ದೆ. “ಈಗ ತಾನೇ ಕುಡಿಸಿದೆಯಲ್ಲೇ” ಎಂದು ಅಕ್ಕ ಬೈಯುತ್ತಿದ್ದಳು. ಆಮೇಲೆ ಅಂಗಡಿ ಇಟ್ಟೆ. ಪ್ರತಿಯೊಂದು ಅಳತೆಯನ್ನೂ ಎರಡೆರಡು ಸಲ ತೆಗೆದೆ. ಗಿರಾಕಿಗಳು ಅಚ್ಚುಕಟ್ಟು ಎಂದು ಹೊಗಳಿದರು. ಇಪ್ಪತ್ತಾರು ವರ್ಷ ಹೀಗೇ ಕಳೆಯಿತು.

ಕ್ಷಮಿಸು ಎಂದು ನೀವು ಬರೆದಿಲ್ಲ. ಒಳ್ಳೆಯದೇ ಆಯಿತು. ಬರೆದಿದ್ದರೆ ಉತ್ತರ ಹೇಳಬೇಕಾಗುತ್ತಿತ್ತು, ನನ್ನ ಹತ್ತಿರ ಇಲ್ಲ. ಮಗಳಿಗೆ ಕಾಗದ ಬರೆಯುವುದನ್ನು ನಿಲ್ಲಿಸಬೇಡಿ. ಅವಳು ಅಂಚೆಯವನ ದಾರಿ ನೋಡುತ್ತಾಳೆ.

ನಿನ್ನೆ ಸಂಜೆ ಅಂಗಡಿ ಮುಚ್ಚಿದೆ. ಬೀಗ ಹಾಕಿದೆ, ಒಮ್ಮೆ ಎಳೆದೆ. ರಸ್ತೆ ದಾಟಿದೆ. ಮೂಲೆಯಲ್ಲಿ ಪಕ್ಕದ ಮನೆಯಾಕೆ ಸಿಕ್ಕಳು, ಏನೋ ಮಾತಾಡಿಕೊಂಡು ಬಂದೆವು. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ನೆನಪಾಯಿತು, ನಾನು ತಿರುಗಿ ನೋಡಿರಲಿಲ್ಲ.

ಹೊಲಿಗೆ ಅಂಗಡಿಯಿಂದ,
ಮಗಳ ತಾಯಿ